ಗಣಿಯ ಬಾಯಲ್ಲಿ ಒಂದು ಲೋಟ ಗಂಜಿತಿಳಿ

ಐವತ್ತರ ದಶಕದ ಕೊನೆಯಲ್ಲಿ ನಾನು ಉರಿಗಾಂನ ಒಂದು ಚಿನ್ನದ ಗಣಿಯ ಶಿಶುಮಂದಿರದಲ್ಲಿ ನರ್ಸ್ ಆಗಿದ್ದೆ. ನೆಲದ ಮೇಲಿನ ಕೆಲಸಕ್ಕೆ ಬರುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಿದ್ದರು. ಮೊದಲೆಲ್ಲ ಯಾವ ಮಗು ಅತ್ತರೂ ಕೈ ಖಾಲಿಯಿದ್ದ ಆಯಾ ಎತ್ತಿಕೊಳ್ಳುತ್ತಿದ್ದಳು. ನಾನು ಬಂದ ಮೇಲೆ ಒಬ್ಬೊಬ್ಬ ಆಯಾಗೆ ಅವಳವೇ ಮಕ್ಕಳನ್ನು ಗೊತ್ತುಮಾಡಿದೆ. ಉಣಿಸುವವಳು, ತೊಳೆಯುವವಳು, ಮಲಗಿಸುವವಳು ಒಬ್ಬಳೇ. ಅಳು ಕಡಿಮೆಯಾಯಿತು. ಮಕ್ಕಳಿಗೆ ಮುದ್ದು ಹೆಚ್ಚಾಯಿತೆಂದು ಮೇಲಿನವರು ಗೊಣಗಿದರು. ಗೊಣಗುವುದಕ್ಕೂ ಸಂಬಳ ಬರುತ್ತದಲ್ಲ ಎಂದುಕೊಂಡು ನಾನು ನನ್ನ ಏರ್ಪಾಡನ್ನೇ ಮುಂದುವರಿಸಿದೆ.

ಆ ಏರ್ಪಾಡು ನನ್ನನ್ನು ಪರೀಕ್ಷೆಗೆ ಒಡ್ಡಿದ್ದು ಏರ್ ಬ್ಲಾಸ್ಟ್ ಆದ ದಿನ. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಸಿಡಿಯುವುದನ್ನು ಅಲ್ಲಿ ಹಾಗೆನ್ನುತ್ತಿದ್ದರು. ಸಿಡಿದರೆ ಮೇಲಿನ ನೆಲವೂ ನಡುಗುತ್ತದೆ. ಆಗ ಹೆಂಗಸರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಆಳುಗಳು ಇಳಿದು ಹತ್ತುವ ಶಾಫ್ಟಿನ ಬಾಯಿಗೆ ಓಡುವುದು ವಾಡಿಕೆ. ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ.

ಅಂದು ಸೆಲ್ವಿ ಎಂಬ ವರ್ಷ ತುಂಬಿದ ಮಗುವಿಗೆ ವಾಂತಿ, ಭೇದಿ. ತಾಯಿ ಅದನ್ನು ನಮ್ಮಲ್ಲಿ ಬಿಟ್ಟು, ಹಾಸಿಗೆ ಹಿಡಿದ ತನ್ನ ತಂದೆಯನ್ನು ನೋಡಲು ಬಂಗಾರಪೇಟೆಯ ರೈಲು ಹತ್ತಿದ ಮೇಲೆ ಶುರುವಾಗಿತ್ತು. ಉಪ್ಪು ಸಕ್ಕರೆ ಬೆರೆಸಿದ ಗಂಜಿತಿಳಿಯನ್ನು ಬಿಡದೆ ಕುಡಿಸಬೇಕು, ನಿಲ್ಲಿಸಿದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಸೆಲ್ವಿಯ ಆಯಾ ಮುನಿಯಮ್ಮ ಚಮಚದಲ್ಲಿ ಕುಡಿಸುತ್ತ ಕೂತಿದ್ದಾಗಲೇ ನೆಲ ನಡುಗಿತು. ಕಪಾಟಿನ ಲೋಟಗಳು ಗಲಗಲ ಅಂದವು.

ಮುನಿಯಮ್ಮನ ಮುಖ ಬಿಳಿಚಿಕೊಂಡಿತು. “ಸಿಸ್ಟರಮ್ಮ, ನಮ್ಮೋರು ಕೆಳ್ಗವ್ರೆ. ನಾನ್ ಓಯ್ತೀನಿ.”

“ಹೋಗು, ನಾನು ನೋಡ್ಕೋತೀನಿ,” ಎಂದೆ. ಬೇರೇನು ಹೇಳಲಿ?

ಗಣಿಯಲ್ಲಿ ತಮ್ಮವರು ಯಾರೂ ಇಲ್ಲದ ಇಬ್ಬರು ಆಯಾಗಳಷ್ಟೇ ಉಳಿದರು. ಸೆಲ್ವಿಯನ್ನು ನಾನು ಮಡಿಲಿಗೆ ಹಾಕಿಕೊಂಡೆ. ಅದು ತುಟಿ ಬಿಗಿದು ಮುಖ ತಿರುಗಿಸಿತು. ರಮಿಸಿದೆ, ಹಾಡಿದೆ, ಬೆರಳಲ್ಲಿ ಅದ್ದಿ ನೆಕ್ಕಿಸಲು ನೋಡಿದೆ. ಉಳಿದ ಆಯಾಗಳ ಕೈಯಲ್ಲೂ ಕುಡಿಯಲಿಲ್ಲ. ಅತ್ತರೆ ಕಣ್ಣೀರೇ ಇಲ್ಲ. ಕಣ್ಣು ಗುಳಿಬಿದ್ದಿತ್ತು. ಆಸ್ಪತ್ರೆಯವರೆಲ್ಲ ಗಾಯಾಳುಗಳಿಗಾಗಿ ಶಾಫ್ಟಿನ ಹತ್ತಿರ ಹೋಗಿದ್ದರು. ಮಗು ನನ್ನ ಮಡಿಲಲ್ಲೇ ಹೋಗಿಬಿಡುತ್ತದೆ ಎಂಬ ಭಯದಲ್ಲಿ ಮತ್ತೆ ಮತ್ತೆ ಚಮಚ ಒಡ್ಡಿದೆ. ಎಲ್ಲ ಸೀರೆಯ ಪಾಲಾಯಿತು.

ಮುನಿಯಮ್ಮನನ್ನು ವಾಪಸು ಕರೆಸಲು ಮನಸ್ಸು ಒಪ್ಪಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿ, ಲೋಟ, ಚಮಚ ಹಿಡಿದು, ನಾನೇ ಶಾಫ್ಟಿನ ಕಡೆ ನಡೆದೆ.

ಅಲ್ಲಿ ಅಷ್ಟು ಜನ ನಿಂತಿದ್ದರೂ ಪಿಟ್ ಎನ್ನುವ ಸದ್ದಿಲ್ಲ. ಅಳು ಕೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಬೇಲಿಗೆ ಒರಗಿದ್ದ ಮುನಿಯಮ್ಮ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು, ಮಣ್ಣಿನಲ್ಲೇ ಕೂತು ಮಡಿಲು ಚಾಚಿದಳು. “ಬಾ ನನ್ ತಲ್ಲಿ, ಕುಡಿಯೇ.” ಸೆಲ್ವಿ ಅವಳ ಸೆರಗು ಹಿಡಿದು ಬಾಯಿ ತೆರೆಯಿತು.

ಮುನಿಯಮ್ಮನ ಕೈ ಮಗುವಿನ ಬಾಯಿ ಹುಡುಕುತ್ತಿತ್ತು, ಕಣ್ಣು ಮಾತ್ರ ಶಾಫ್ಟಿನ ಮೇಲೆ. ಆಳುಗಳನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ಚಮಚ ಗಾಳಿಯಲ್ಲಿ ನಿಲ್ಲುತ್ತಿತ್ತು, ನನ್ನ ಉಸಿರೂ. ಅಂದು ಎಲ್ಲರ ಮನೆಯವರೂ ನಡೆದು ಬರಲಿಲ್ಲ. ಅವಳ ಗಂಡ ಬಂದ. ಮೈತುಂಬ ದೂಳು, ತಲೆಗೆ ರಕ್ತದ ಬಟ್ಟೆ.

“ಲೇ ಮುನೀ,” ಎಂದು ಎದುರು ನಿಂತ. ಅವಳ ಕಣ್ಣಿಂದ ನೀರು ಸುರಿಯಿತು. ಆದರೆ ಏಳಲಿಲ್ಲ.

“ಒಸಿ ಇರಿ. ಇನ್ನೆರ್ಡು ಗುಟುಕದೆ.”

ಸೆಲ್ವಿ ಉಳಿಯಿತು. ಮಕ್ಕಳು ಒಬ್ಬಳಿಗೇ ಅಂಟಿದರೆ ಹೀಗೇ ಎಂದು ಮೇಲಿನವರು ಹಳೆಯ ಪದ್ಧತಿ ತರಲು ಹೊರಟರು. ನಾನು ಬಿಡಲಿಲ್ಲ. ಕಂದನಿಗೆ ಹತ್ತು ಕೈ ಬೇಡ, ಗುರುತಿನ ಮಡಿಲೊಂದು ಬೇಕು. ಆ ಮಡಿಲು ಎದ್ದು ಓಡಬೇಕಾದ ದಿನಕ್ಕೆ ಪಳಗಿದ ಇನ್ನೊಂದು ಮಡಿಲಿರಬೇಕು. ನೌಕರಿ ನನಗೆ ಕಲಿಸಿದ ಪಾಠ ಇದು. ಪ್ರತಿ ಮಗುವಿಗೂ ಎರಡನೆಯವಳನ್ನು ಗೊತ್ತುಮಾಡಿದೆ. ಸೆಲ್ವಿಗೆ ನಾನೇ ಆದೆ. ದಿನವೂ ಮುನಿಯಮ್ಮನ ಪಕ್ಕ ಕೂತು ಚಮಚ ಹಿಡಿದೆ. ಕೊನೆಗೊಂದು ದಿನ ಆ ಹಟಮಾರಿ ನನ್ನ ಕೈಯಿಂದ ಗಂಜಿ ನುಂಗಿತು.

ಮುನಿಯಮ್ಮ ನಕ್ಕಳು. “ಸದ್ಯ ಬುಡಿ ಸಿಸ್ಟರಮ್ಮ. ಇನ್ಮೇಕೆ ನೆಲ ನಡುಗಿದ್ರೆ ನಾನ್ ನಿಸೂರಾಗಿ ಓಡ್ಬೋದು.”

ನನಗೆ ನಗು ಬರಲಿಲ್ಲ.