ಬೈಗುಳಕ್ಕೂ ಬಿದ್ದ ಅಂಕ

ನಮ್ಮ ಸಂಸ್ಥೆಯಲ್ಲಿ ಕಾಯಂ ಹುದ್ದೆಗೆ ಅರ್ಜಿ ಹಾಕುವವರು ತಮ್ಮ ಸಂಶೋಧನೆ ಆನ್‌ಲೈನಿನಲ್ಲಿ ಎಷ್ಟು ಚರ್ಚೆಯಾಗಿದೆ ಎಂದೂ ಬರೆಯಬೇಕು. ಪ್ರಬಂಧದ ಪುಟದ ಪಕ್ಕದಲ್ಲೇ ಒಂದು ಅಂಕ ಇರುತ್ತದೆ. ಜನ ಹಂಚಿಕೊಂಡಷ್ಟೂ ಏರುತ್ತದೆ. ಇದ್ದದ್ದು ಒಂದೇ ಹುದ್ದೆ. ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿದ ನನಗೆ ಈ ಸಲವೂ ಆಗದಿದ್ದರೆ ವಯಸ್ಸು ಮೀರುತ್ತಿತ್ತು. ಯಮುನೆಯ ದಂಡೆಯ ಪಾಲಕ್‌ನಲ್ಲಿ ಸೀಸ ಎಷ್ಟಿದೆ ಎಂಬ ನನ್ನ ಪ್ರಬಂಧದ ಅಂಕವೋ, ಜಪ್ಪಯ್ಯ ಅಂದರೂ ಅಲುಗಾಡುತ್ತಿರಲಿಲ್ಲ.

ಸಂದರ್ಶನಕ್ಕೆ ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಅಂಕ ಸರ್ರನೆ ಏರಿಬಿಟ್ಟಿತ್ತು. ಕಿದ್ವಾಯಿ ನಗರದ ಬಾಡಿಗೆ ಮನೆಯಲ್ಲಿ ಹೆಂಡತಿ ಕೇಸರಿಬಾತಿಗೆ ರವೆ ಹುರಿಯತೊಡಗಿದಳು. ಯಾರು ಹೊಗಳಿದ್ದಾರೆಂದು ನೋಡಲು ಕೂತೆ. ಹೊಗಳಿಕೆ ಎಲ್ಲಿ ಬಂತು! ಇಲ್ಲೇ ಆಗಷ್ಟೇ ಪಿಎಚ್‌ಡಿ ಮುಗಿಸಿದ ಕನ್ನಡದ ಹುಡುಗಿಯೊಬ್ಬಳು ನನ್ನ ತಪ್ಪನ್ನು ಜಾಲತಾಣದಲ್ಲಿ ಬಿಡಿಸಿ ಬರೆದಿದ್ದಳು. ನಾನು ಸೊಪ್ಪನ್ನು ಒಣಗಿಸಿ ಅಳೆದು, ಹಸಿ ಸೊಪ್ಪಿಗೆ ಇರುವ ಮಿತಿಯೊಂದಿಗೆ ಹೋಲಿಸಿಬಿಟ್ಟಿದ್ದೆ. ನೀರು ಆರಿದ ಮೇಲೆ ಸೀಸ ಹೆಚ್ಚು ಕಾಣದೆ ಇನ್ನೇನು? ಅವಳು ಬರೆದದ್ದನ್ನು ಹಂಚಿಕೊಂಡು ಜನ ನನ್ನನ್ನು ಆಡಿಕೊಳ್ಳುತ್ತಿದ್ದರು. ಒಂದೊಂದು ಬೈಗುಳಕ್ಕೂ ನನ್ನ ಅಂಕ ಏರುತ್ತಿತ್ತು.

"ಬೈದ್ರೂ ಏರುತ್ತಾ?" ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು.

ಏರುತ್ತೆ ಅಂದೆ. ಹಾಗಾದರೆ ಸಿಹಿ ಮಾಡಲೋ ಬೇಡವೋ ಎಂದಳು. ಮಧ್ಯಾಹ್ನ ತಪ್ಪೊಪ್ಪಿಕೊಂಡು ತಿದ್ದುಪಡಿ ಹಾಕಿದೆ. ಅದನ್ನೂ ಜನ ಹಂಚಿಕೊಂಡರು, ಹಾಳಾದ ಅಂಕ ಇನ್ನೂ ಮೇಲೆ ಹೋಯಿತು.

ಸಂದರ್ಶನದ ದಿನ ಹೊರಗಿನ ಬೆಂಚಿನಲ್ಲಿ ಅದೇ ಹುಡುಗಿ ಕೂತಿದ್ದಳು, ಅದೇ ಹುದ್ದೆಗೆ. ಎದ್ದು ನಿಂತು ನಮಸ್ಕಾರ ಸರ್ ಅಂದಳು. ಒಳಗೆ ಸಮಿತಿಯ ಅಧ್ಯಕ್ಷರು ಅಂಕ ನೋಡಿ ಹುಬ್ಬೇರಿಸಿದರು. ಅದು ನನ್ನ ತಪ್ಪಿಗೆ ಬಂದದ್ದು ಎಂದೆ. ತಪ್ಪು ಹಿಡಿದವಳು ಹೊರಗೇ ಕೂತಿದ್ದಾಳೆ ಎಂದೂ ಹೇಳಿದೆ. ಅಚ್ಛಾ, ಓದಿದ್ದಾರಲ್ಲ, ನಮ್ಮದನ್ನು ಯಾರೂ ಓದುವುದೇ ಇಲ್ಲ ಎಂದು ನಕ್ಕು ಹಾಳೆ ಮಗುಚಿದರು.

ಹುದ್ದೆ ನನಗೇ ಸಿಕ್ಕಿತು. ಪಟ್ಟಿ ಬಂದ ದಿನ ಅವಳೇ ಫೋನ್ ಮಾಡಿದಳು.

"ಕಂಗ್ರಾಜುಲೇಶನ್ಸ್ ಸರ್. ನಾನು ಬರೆದಿದ್ದಕ್ಕೆ ಅಂಕ ಇಲ್ವಂತೆ. ಅದು ಪ್ರಬಂಧ ಅಲ್ವಂತೆ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಥ್ಯಾಂಕ್ಸ್ ಕಣಮ್ಮಾ ಅಂದೆ. ಅಭಿನಂದನೆಗೆ ಅಂದೆನೋ, ಕೆಲಸ ಕೊಡಿಸಿದ್ದಕ್ಕೆ ಅಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.