ಮಣ್ಣಿಗೂ ಒಂದು ಬೆರಳು ಜಾಗ

ನಮ್ಮ ಮಾವನವರ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ಎಳೆ ವಯಸ್ಸಿನಲ್ಲಿ ಎತ್ತಿನ ಹಗ್ಗಕ್ಕೆ ಸಿಕ್ಕು ಮುರಿದು, ಬಾಗಿದ ಹಾಗೇ ಕೂಡಿಕೊಂಡಿತ್ತಂತೆ. ಉಳಿದ ಬೆರಳುಗಳ ತುಂಬ ಕಬ್ಬಿನ ಒಣ ಸೋಗೆಯ ರವದಿ ಸುಲಿದ ಗೀರುಗಳು. ಗೀರುಗಳೊಳಗೆ ಎಷ್ಟು ತೊಳೆದರೂ ಹೋಗದ ಕರಿ ಎರೆಮಣ್ಣು. ಆ ಬೆರಳುಗಳೇ ನಮ್ಮ ಮನೆಯ ಅಳತೆಗೋಲು. ಉಪ್ಪಿನಕಾಯಿ ಮೇಲೆ ಎಣ್ಣೆ ಎರಡು ಬೆರಳು ನಿಲ್ಲಬೇಕು, ಹಾಲಿನ ಮೇಲೆ ಕೆನೆ ಒಂದು ಬೆರಳು ಕಟ್ಟಬೇಕು, ಕಟ್ಟದಿದ್ದರೆ ಎಮ್ಮೆಗೆ ಏನೋ ಆಗಿದೆ ಅಂತ ಅರ್ಥ. ಹೊಸದಾಗಿ ಬಂದ ನಾನು ಬಡಿದ ರೊಟ್ಟಿಯ ದಪ್ಪವನ್ನೂ ಅವರು ಬೆರಳಿಟ್ಟು ನೋಡಿದ್ದರು. ಏನೂ ಅನ್ನದೆ ಎರಡು ರೊಟ್ಟಿ ತಿಂದು ಎದ್ದುಹೋದರು.

ಅನ್ನುವ ಹಾಗೂ ಇರಲಿಲ್ಲ. ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಪಾಲಬಾವಿಯ ಆ ತೋಟದ ಮನೆಯಲ್ಲಿರಲಿಲ್ಲ. ನನಗೆ ಹೇಳಬೇಕಾದದ್ದನ್ನು ಅವರು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. “ಯಾರರೆ ಒಂದ ಬಟ್ಟಲ ಚಾ ಕೊಟ್ಟರ ಕುಡಿಯೂಣು” ಅಂತ ಕಂಬದ ಕಡೆ ನೋಡಿ ಅನ್ನುವರು. ನಾನು ಸೆರಗು ಹೊದ್ದುಕೊಂಡು ಕಂಬದ ಬುಡದಲ್ಲಿ ಚಹಾ ಇಟ್ಟು ಬರುವೆ. ಒಮ್ಮೆ ಜ್ವರ ಬಂದು ಮಲಗಿದಾಗ “ದವಾಖಾನಿಗೆ ಹೋಗೂದಾದರ ವ್ಯಾನ್ ತಯಾರ ಐತಿ” ಅಂದದ್ದೂ ಕಂಬಕ್ಕೇ. ಆ ಕಂಬಕ್ಕೆ ಕೈಕಾಲು ಇದ್ದಿದ್ದರೆ ನನಗಿಂತ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುತ್ತಿತ್ತು.

ನನ್ನ ತವರು ಸದಲಗಾ. ದೂಧಗಂಗೆಯ ದಂಡೆಯ ಊರು, ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಹಾಗಾಗಿ ಪಂಚಮಿ ಹಬ್ಬಕ್ಕೆ ನನ್ನನ್ನು ಕರೆಯಲು ಅಪ್ಪನೇ ಬರುತ್ತಿದ್ದ. ಬಸ್ಸಿಳಿದು, ಶ್ರಾವಣದ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ತೋಟದ ಹಾದಿ ತುಳಿದು, ಅಂಗಳದಲ್ಲಿ ನಿಂತು ಕಾಲಿಗೆ ನೀರು ಕೇಳುತ್ತಿದ್ದ. ನಾನು ಒಳಗಿನಿಂದ ಆ ದನಿ ಕೇಳಿದ ಕೂಡಲೇ ಅರ್ಧ ತವರು ಮುಟ್ಟಿದ ಹಾಗೆ. ಅಪ್ಪ ತೀರಿಕೊಂಡ ವರ್ಷ ಸೂತಕದಿಂದಾಗಿ ಹಬ್ಬವಿರಲಿಲ್ಲ. ಮರುವರ್ಷ ಶ್ರಾವಣ ಬರುವ ಮೊದಲೇ ಅವ್ವ ಫೋನಿನಲ್ಲಿ ಅಂದಳು, “ಈ ಸಲಾ ನಿನ್ನ ಕರಿಯಾಕ ಯಾರ ಬರಬೇಕ ಮಗಳ. ನನ್ನ ಮೊಣಕಾಲ ನನ್ನ ಮಾತ ಕೇಳಂಗಿಲ್ಲ. ಹಬ್ಬ ಅಲ್ಲೇ ಮಾಡಿಬಿಡ.” ಉಳಿದ ದಿನಗಳಲ್ಲಿ ನಾನಾಗಿಯೇ ಹೋಗಿ ಬರುತ್ತಿದ್ದೆ, ಅದು ಬೇರೆ. ಪಂಚಮಿಗೆ ಕರೆಯದೆ ಹೋಗುವ ಹೆಣ್ಣುಮಗಳು ನಮ್ಮ ಕಡೆ ಇಲ್ಲ. ಹೋದರೆ ಅವಳಿಗೂ ಅವಮಾನ, ಹೆತ್ತವಳಿಗೂ ಅವಮಾನ. ನಾನು “ಹೂಂ” ಅಂದು ಫೋನಿಟ್ಟು ಹಿತ್ತಲಿಗೆ ಹೋದೆ. ಅಲ್ಲಿ ಅತ್ತದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಮಾವ ಗೋದಲಿಯ ಹತ್ತಿರ ಎಮ್ಮೆಗೆ ಮೇವು ಹಾಕುತ್ತಿದ್ದರು.

ಆವತ್ತೇ ರಾತ್ರಿ ಊಟಕ್ಕೆ ಕೂತಾಗ ಅವರು ಕಂಬಕ್ಕೆ ಹೇಳಿದರು, “ಪಂಚಮಿಗೆ ಸದಲಗಾಕ್ಕ ಹೋಗೂ ತಯಾರಿ ಇರಲಿ. ಕರಿಯಾಕ ಬರ್ತಾರ.”

ಅತ್ತೆ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೇಳಿದರು, “ಯಾರ ಬರ್ತಾರ?”

“ನಾನ.”

“ನಿಮಗೇನ ತಲಿ ಕೆಟ್ಟೈತೇನ್ರಿ? ಕರಿಯೋರು ಅವರು, ಕಳಸೋರು ನಾವು. ಮಂದಿ ನಗತಾರ.”

“ಅವರ ಕಡೀಂದ ಬರಾಕ ಯಾರೂ ಉಳದಿಲ್ಲ,” ಅಂದರು ಮಾವ. “ನಮ್ಮ ಕಡಿಯವ ಒಬ್ಬ ಅವರ ಕಡಿ ಆದರ ನಿನ್ನ ಗಂಟೇನ ಹೋಗತೈತಿ?”

ತೊಡಕಿದ್ದದ್ದು ಹಾದಿಯದು. ಮನೆಯಲ್ಲಿ ಹಾಲಿನ ಕ್ಯಾನು ಒಯ್ಯುವ ಹಳೆಯ ವ್ಯಾನೊಂದಿತ್ತು. ಅದನ್ನು ಮಾವ ಎಮ್ಮೆಯ ಬ್ರಷ್ಷಿನಿಂದಲೇ ಉಜ್ಜಿ ತೊಳೆಯುತ್ತಿದ್ದರು, ಏರು ಹತ್ತುವಾಗ ಎಮ್ಮೆಗೆ ಹೇಳಿದ ಹಾಗೆ “ಹೋಯ್, ಹೋಯ್” ಅನ್ನುತ್ತಿದ್ದರು. ಚಕ್ರ ಸಣ್ಣವು. ಟ್ರ್ಯಾಕ್ಟರು ತುಳಿದು ಎರಡೂ ಕಡೆ ಆಳಕ್ಕೆ ಹೋದ ಹಾದಿಯಲ್ಲಿ ನಡುವಿನ ದಿಣ್ಣೆಗೆ ವ್ಯಾನಿನ ಹೊಟ್ಟೆ ಕೂತುಬಿಡುತ್ತಿತ್ತು. ಮಳೆಗಾಲ ಪೂರ್ತಿ ಅದನ್ನು ದೊಡ್ಡ ರಸ್ತೆಯ ಬದಿಗೇ ನಿಲ್ಲಿಸಬೇಕು. ನನ್ನ ಗಂಡ ಟ್ರ್ಯಾಕ್ಟರಿನಲ್ಲಿ ರಸ್ತೆಯವರೆಗೆ ಬಿಡುತ್ತೇನೆ ಅಂದರು. ಮಾವ ಒಪ್ಪಲಿಲ್ಲ. “ತವರಿಗೆ ಹೋಗೂ ಮಗಳನ್ನ ಕಬ್ಬ ಹೇರಿದಂಗ ಟ್ರೇಲರಿನ್ಯಾಗ ಹೇರಿಕೊಂಡ ಹೋಗತಾರೇನಲೇ? ಹೊಸ್ತಲದಾಗಿಂದ ಹತ್ತಿಸಿಕೊಂಡ ಹೋಗಬೇಕು” ಅಂದರು. ಅದಕ್ಕೆ ವ್ಯಾನಿಗೆ ದೊಡ್ಡ ಟೈರು ಹಾಕಿಸಿ, ಅದರ ಹೊಟ್ಟೆಯನ್ನು ದಿಣ್ಣೆಯಿಂದ ಮೇಲೆತ್ತುವುದು ಅಂತ ತೀರ್ಮಾನಿಸಿದರು.

ಚಿಕ್ಕೋಡಿಯ ಮಿಸ್ತ್ರಿ ಬೇಡ ಅಂದನಂತೆ. “ಕಾಕಾ, ಇಷ್ಟ ದೊಡ್ಡ ಟೈರ್ ಹಾಕಿದರ ತಿರಗಸುವಾಗ ತಿಕ್ಕತಾವು. ಮಂದಿ ಕುಂತ ಕೂಡಲೇ ಹಿಂದ ತಗಡಿಗೆ ಹತ್ತತಾವು. ನಾ ಜಿಮ್ಮೇದಾರ ಅಲ್ಲ ನೋಡ್ರಿ.” ಮಾವ ಅಲ್ಲೇ ಕೂತು ಟೈರಿನ ಮೇಲಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿದರಂತೆ. ಹಿಂದೆ ಭಾರ ಹೊರುವ ಕಬ್ಬಿಣದ ಪಾಟಾದ ಕೆಳಗೆ ಇನ್ನೊಂದು ಪಾಟಾ ಹಾಕಿಸಿದರು, ಮುಂದಿನ ಸ್ಪ್ರಿಂಗಿಗೆ ಏನೋ ಎತ್ತರ ಕೊಡಿಸಿದರು. ಉಳಿದದ್ದು ತಾನೇ ನೋಡಿಕೊಳ್ಳುತ್ತೇನೆ ಅಂತ ವ್ಯಾನನ್ನು ಮನೆಗೆ ತಂದರು. ಆಗ ಮಳೆ ಒಂದು ವಾರ ಬಿಡುವು ಕೊಟ್ಟಿತ್ತು, ಹಾದಿ ಒಣಗಿತ್ತು.

ಅಂಗಳದಲ್ಲಿ ನಡೆದ ಆ ಪರೀಕ್ಷೆಯನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಗೋಡೆಗೆ ಹಚ್ಚುವ ಸುಣ್ಣ ಕಲಸಿ ನಾಲ್ಕೂ ಟೈರಿನ ಅಂಚಿಗೆ ಬಳಿದರು. ಗಂಡನನ್ನು ಒಳಗೆ ಕೂಡಿಸಿ ಸ್ಟೇರಿಂಗನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುಗಿಸಲು ಹೇಳಿದರು. ಆಮೇಲೆ ಮಗ್ಗುಲಾಗಿ ಮಲಗಿ ಚಕ್ರದ ಮೇಲಿನ ತಗಡಿಗೆ ಬಿಳಿ ಎಲ್ಲಿ ಹತ್ತಿದೆ ನೋಡಿದರು. ಹತ್ತಿದ ಕಡೆ ಸುತ್ತಿಗೆಯಿಂದ ಅಂಚು ಮಡಿಸಿದರು, ಮತ್ತೆ ಸುಣ್ಣ ಬಳಿದರು. ಭಾರ ಬಿದ್ದಾಗ ಹೇಗೆ ಅಂತ ನೋಡಲು ಗೋಧಿ ಚೀಲ ಹೇರಿದರು. ಸಾಲದು ಅನ್ನಿಸಿತೋ ಏನೋ, ಅತ್ತೆಯನ್ನು ಕರೆದು ಚೀಲದ ಮೇಲೆ ಕೂರಲು ಹೇಳಿದರು.

“ನನ್ನ ತೂಕಾ ಊರಿಗೆಲ್ಲಾ ಸಾರೂದ ಬಾಕಿ ಉಳದಿತ್ತೇನ್ರಿ?” ಅಂತ ಗೊಣಗುತ್ತಲೇ ಅತ್ತೆ ಹತ್ತಿದರು.

“ನೀ ಕುಂತ ಮ್ಯಾಲೂ ತಿಕ್ಕಲಿಲ್ಲಂದರ ಆನಿ ಕುಂತರೂ ತಿಕ್ಕೂದಿಲ್ಲ” ಅಂದರು ಮಾವ. ವ್ಯಾನು ಅತ್ತೆಯ ಸಮೇತ ಕಾಲುವೆಯ ಒಡ್ಡು ಹತ್ತಿಳಿದು ಬಂತು. ತಗಡಿಗೆ ಎಲ್ಲೂ ಬಿಳಿ ಹತ್ತಿರಲಿಲ್ಲ. ಮಾವ ಎದ್ದು ನಿಂತು ಬೆನ್ನಿನ ಮಣ್ಣು ಕೊಡವಿಕೊಂಡರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವರು ಕಾಣಲಿಲ್ಲ. ತೋಟಕ್ಕೆ ಹೋಗಿರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ವ್ಯಾನು ನಿಂತ ಸದ್ದಾಯಿತು. ನೋಡಿದರೆ ಮಾವ, ಒಗೆದ ಧೋತ್ರ ಉಟ್ಟು, ಹಬ್ಬದ ಪಟಕಾ ಸುತ್ತಿ, ತಮ್ಮದೇ ಮನೆಯ ಹೊಸ್ತಿಲ ಹೊರಗೆ ನಿಂತಿದ್ದಾರೆ. ಒಳಗೆ ಬರಲೊಲ್ಲರು.

“ಸದಲಗಾದಿಂದ ಬಂದೇನ್ರಿ,” ಅಂದರು ಗಂಭೀರವಾಗಿ. “ಹೆಣ್ಣಮಗಳನ್ನ ಪಂಚಮಿಗೆ ಕರಿಯಾಕ.”

ಅತ್ತೆ ಬಾಗಿಲಿಗೆ ಬಂದರು. ನಗುತ್ತಾರೋ ಬಯ್ಯುತ್ತಾರೋ ಅಂತ ನನಗೆ ಹೆದರಿಕೆ. ಅವರು ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದು ಗಂಡನ ಮುಂದೆ ಇಟ್ಟರು. “ಬರ್ರಿ ಪಾವಣ್ಯಾರ. ಕಾಲ ತೊಳಕೋರಿ. ಊರಾಗ ಎಲ್ಲಾರೂ ಆರಾಮ ಅದಾರೇನ್ರಿ?” ಅಂದರು. ಮಾವ ಕಾಲು ತೊಳೆದು, ಬೀಗರು ಕೂರುವ ಕಡೆ ಕೂತು, ಚಹಾ ಕುಡಿದರು. ಆ ಚಹಾ ನಾನೇ ಮಾಡಿದ್ದು. ಸಕ್ಕರೆ ಹಾಕಿದೆನೋ ಇಲ್ಲವೋ ಇವತ್ತಿಗೂ ನೆನಪಿಲ್ಲ.

ನಾವು ಹೊರಡುವಷ್ಟರಲ್ಲಿ ಮಳೆ ಹಿಡಿಯಿತು. ದಿಣ್ಣೆಯ ಮೇಲೆ ವ್ಯಾನು ಹಾಯಾಗಿ ಹೋಯಿತು, ಹೊಟ್ಟೆ ಎಲ್ಲೂ ತಾಗಲಿಲ್ಲ. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಅರ್ಧ ಹಾದಿಗೆ ವ್ಯಾನು ಭಾರವಾದ ಹಾಗಾಯಿತು. ಇನ್ನೊಂದಿಷ್ಟು ದೂರಕ್ಕೆ ಮುಂದಿನ ಚಕ್ರ ತಿರುಗುವುದೇ ನಿಂತುಹೋಯಿತು. ಇಳಿದು ನೋಡಿದರೆ, ಒದ್ದೆ ಎರೆಮಣ್ಣು ಟೈರಿಗೆ ಸುತ್ತಿಕೊಂಡು, ಟೈರಿಗೂ ತಗಡಿಗೂ ನಡುವೆ ಗಾರೆ ತುಂಬಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಮಾವ ಕುಡುಗೋಲಿನಿಂದ ಕೆತ್ತಿದರು. ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ತುಂಬಿತು. ಮತ್ತೆ ಕೆತ್ತಿದರು. ಕೊನೆಗೆ ಆ ಮಳೆಯಲ್ಲೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಹಬ್ಬದ ಪಟಕಾ ತೊಯ್ದು ಕಣ್ಣ ಮೇಲೆ ಇಳಿದಿತ್ತು.

ಅಲ್ಲಿ ಕಂಬವಿರಲಿಲ್ಲ. ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಯವ್ವಾ, ಜನ್ಮಪೂರ್ತಿ ಇದ ಮಣ್ಣಾಗ ಬಂಡಿ ಹೊಡದೇನಿ. ಬಂಡಿ ಗಾಲಿ ಮ್ಯಾಲ ತಗಡ ಇರೂದಿಲ್ಲ, ಮಣ್ಣ ತಾನ ಬೀಳತೈತಿ. ಟೈರಿಗೆ ಜಾಗಾ ಮಾಡಿದೆ. ಮಣ್ಣಿಗೆ ಜಾಗಾ ಬಿಡೂದ ಮರತೆ ನೋಡ. ನಿನ್ನ ಹಬ್ಬಾ ಕೆಡಿಸಿದೆ.”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದೆ. “ಮಾವಾರ, ನಡಕೋತ ಹೋಗೂಣ್ರಿ. ನಮ್ಮಪ್ಪಾನೂ ನಡಸಿಕೊಂಡ ಹೋಗತಿದ್ದ” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅವರು ನನ್ನ ಚೀಲ ತಲೆಯ ಮೇಲೆ ಹೊತ್ತು ಮುಂದೆ ನಡೆದರು. ಜಾರುವ ಕಡೆ ನಿಂತು “ಇಲ್ಲಿ ಕಾಲ ಇಡಬ್ಯಾಡ, ಅಲ್ಲಿ ಇಡ” ಅಂತ ಬಾಗಿದ ಬೆರಳು ತೋರಿಸುತ್ತಿದ್ದರು. ಬಸ್ಸು ಬದಲಿಸಿ ಬದಲಿಸಿ ಸದಲಗಾ ಮುಟ್ಟಿದಾಗ ಹೊತ್ತು ಇಳಿದಿತ್ತು. ಅವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಮೊಣಕಾಲವರೆಗೆ ಕೆಸರಾಗಿ ನಿಂತ ಬೀಗರನ್ನು.

“ಕರಿಯಾಕ ನೀವು ಕಳಿಸಿದ ಮನಶ್ಯಾ ನಾನ್ರಿ,” ಅಂದರು ಮಾವ. “ಕರಕೊಂಡ ಬಂದೇನಿ. ಹಾದ್ಯಾಗ ಸ್ವಲ್ಪ ತಡಾ ಆತು.”

ಅವ್ವ ಬಗ್ಗಲಾರದ ಮೊಣಕಾಲು ಬಗ್ಗಿಸಿ ಅವರ ಕಾಲಿಗೆ ನೀರು ಹಾಕಿದಳು. ಮಾವ ಎರಡು ಶೇಂಗಾ ಉಂಡಿ ತಿಂದು, ಉಳಿಯಿರಿ ಅಂದರೂ ಉಳಿಯದೆ, ಕೊನೆಯ ಬಸ್ಸಿಗೆ ಹೊರಟುಹೋದರು. ಹಾದಿಯಲ್ಲಿ ವ್ಯಾನು ಒಂದೇ ಇದೆ ಅಂದರು, ಹಟ್ಟಿಯಲ್ಲಿ ಬಿಟ್ಟುಬಂದ ಕರುವಿನ ಮಾತಾಡಿದ ಹಾಗೆ.

ಹಬ್ಬ ಮುಗಿಸಿ ಬರುವಷ್ಟರಲ್ಲಿ ಅವರು ಟೈರು ಬದಲಿಸಿದ್ದರು. ಹಳೆಯದಕ್ಕಿಂತ ದೊಡ್ಡವು, ಮೊದಲು ತಂದವಕ್ಕಿಂತ ಸಣ್ಣವು. ಚಕ್ರದ ಮೇಲಿನ ತಗಡನ್ನು ಇನ್ನೂ ಮೇಲಕ್ಕೆ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ಕಿತ್ತು ಹಾಕಿದ್ದರು. ವ್ಯಾನು ನೋಡಲು ಹಲ್ಲು ಬಿದ್ದ ಮುದುಕನ ಹಾಗಿತ್ತು. “ಮಣ್ಣಿಗೂ ಒಂದ ಬಟ್ಟ ಜಾಗಾ ಬಿಟ್ಟೇನಿ” ಅಂತ ಸಂದಿಯಲ್ಲಿ ಬೆರಳಿಟ್ಟು ತೋರಿಸಿದರು. ಕಂಬಕ್ಕಲ್ಲ, ನನಗೆ. ಕಂಬದ ಕೆಲಸ ಅವತ್ತಿಗೆ ಮುಗಿದಿತ್ತು.

ಆಮೇಲಿನ ಪ್ರತಿ ಶ್ರಾವಣದಲ್ಲೂ ಅವರು ಹೊಸ್ತಿಲ ಹೊರಗೆ ನಿಂತರು, ಅತ್ತೆ ನೀರು ಕೊಟ್ಟರು, ವ್ಯಾನು ಎಲ್ಲೂ ತಿಕ್ಕದೆ ಸದಲಗಾಕ್ಕೆ ಹೋಯಿತು. ನಕ್ಕ ಮಂದಿ ನಕ್ಕು ನಕ್ಕು ಸುಸ್ತಾದರು. ಅವ್ವ ಹೋದ ಮೇಲೆ, ಸೂತಕ ಕಳೆದ ಮರುವರ್ಷ, ಮಾವ ಇನ್ನು ಕರೆಯಲು ಬರುವುದಿಲ್ಲ ಅಂದುಕೊಂಡಿದ್ದೆ. ಅವರು ಬಂದರು. ತವರಿನ ಮನೆಯಲ್ಲಿ ಬೇರೆ ಯಾರೋ ಇದ್ದರು. ವ್ಯಾನನ್ನು ನೇರ ಹೊಳೆಯ ದಂಡೆಗೆ ಒಯ್ದು ನಿಲ್ಲಿಸಿದರು. ಅತ್ತೆ ಕಟ್ಟಿಕೊಟ್ಟ ಉಂಡಿ ಬಿಚ್ಚಿ ಇಬ್ಬರೂ ತಿಂದೆವು. ತುಂಬಿ ಹರಿಯುವ ದೂಧಗಂಗೆಯನ್ನು ನೋಡುತ್ತ ಕೂತೆವು. ನನಗೆ ಅಳು ಬಂತು. ಅವರು ಅಳಬೇಡ ಅನ್ನಲಿಲ್ಲ, ಮುಗಿಯುವವರೆಗೆ ಕಾದು, ನೀರಿನ ಬಾಟಲಿ ಕೊಟ್ಟರು.

ಈಗ ನಮ್ಮ ತೋಟದ ಹಾದಿಗೆ ಕಾಂಕ್ರೀಟು ಬಿದ್ದಿದೆ. ಎಂಥ ಟೈರಿನ ಗಾಡಿಯೂ ಮಳೆಯಲ್ಲಿ ಮನೆಯವರೆಗೆ ಬರುತ್ತದೆ. ಶ್ರಾವಣದ ಮಳೆಯಲ್ಲಿ ಅಂಗಳದಲ್ಲಿ ಯಾವುದಾದರೂ ಗಾಡಿ ನಿಂತರೆ ನಾನು ಇವತ್ತಿಗೂ ಕೈಯಲ್ಲಿನ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಗೊಬ್ಬರದವರೋ, ಹಾಲಿನವರೋ ಆಗಿರುತ್ತಾರೆ.

ಮಾವ ಹೋದದ್ದು ಒಂದು ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಮ್ಮ ಕಡೆ ಹೆಂಗಸರು ಸತ್ತವರನ್ನು ಕರೆದು, ಅವರ ಗುಣ ಎಣಿಸಿ ಅಳುತ್ತಾರೆ. ಮಗಳಾದವಳು ಅಪ್ಪಾ ಅಂತ, ಸೊಸೆಯಾದವಳು ಮಾವಾ ಅಂತ. ನಾನು ಅವರ ಕೈ ಹಿಡಿದುಕೊಂಡು ಕೂತಿದ್ದೆ. ಬಾಯಿಂದ ಏನು ಬರುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದ ತೋಟದ ಮುದುಕಿ ನನ್ನ ಭುಜ ಅಲುಗಿಸಿ, “ಹಂಗಲ್ಲಬೇ, ಮಾವಾ ಅಂತ ಅಳಬೇಕು. ಅಪ್ಪಾ ಅಂದರ ತವರಮನಿ ಸಾವ ಆಗತೈತಿ” ಅಂದಳು.

ಅತ್ತೆ ಗಂಡನ ತಲೆಯ ಹತ್ತಿರ ಕೂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಆ ಮುದುಕಿಯ ಕಡೆ ನೋಡಿದರು.

“ಅಳಲಿ ಬಿಡಬೇ,” ಅಂದರು. “ಆಕೀಗೆ ಇದು ತವರಮನಿ ಸಾವನ.”