ಪದಬಂಧಕ್ಕೂ ಹಾಜರಿ

ನನ್ನ ಗಂಡ ಜಗಲಿಯಲ್ಲಿ ಕೂತು ಪದಬಂಧ ಬಿಡಿಸುವುದನ್ನು ರಸ್ತೆಯಿಂದ ನೋಡಿದವರಿಗೆ ಅದು ನಿವೃತ್ತ ಮನುಷ್ಯನೊಬ್ಬನ ನಿರುಪದ್ರವಿ ಹವ್ಯಾಸ. ಅಡುಗೆಮನೆಯಿಂದ ಕೇಳಿಸಿಕೊಂಡವಳು ನಾನೊಬ್ಬಳೇ. ನನಗೆ ಅದರಷ್ಟು ಮೈಯುರಿಸಿದ ಸಂಗತಿ ಈ ಮನೆಯಲ್ಲಿ ಇನ್ನೊಂದಿಲ್ಲ.

ನಾವಿಬ್ಬರೂ ಶನಿವಾರಸಂತೆ ಕಡೆಯವರು. ಅವರು ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಎಸ್ಟೇಟಿನ ರೈಟರ್ ಎಂದರೆ ಕೆಲಸದವರ ಹಾಜರಿ ಹಾಕುವವರು. ಬೆಳಗಾಗುತ್ತಲೇ ಲೈನ್ ಮನೆಗಳ ಮುಂದೆ ನಿಂತು ಒಂದೊಂದೇ ಹೆಸರು ಕೂಗಬೇಕು, ಕೂಗಿಸಿಕೊಂಡವರು ಓಗೊಡಬೇಕು. ಮುಂದಿನ ಹೆಸರು ಬಾಯಿಂದ ಹೊರಡುವಷ್ಟರಲ್ಲಿ ಓಗೊಡದಿದ್ದರೆ ಅವತ್ತಿನ ಕೆಲಸ ಹೋಯಿತು. ಆಮೇಲೆ ಓಡಿಬಂದು ಗೋಗರೆದರೂ ನನ್ನ ಗಂಡ ತಲೆಯೆತ್ತುತ್ತಿರಲಿಲ್ಲ. ಆ ವಿಷಯದಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು, ಅಂದರೆ ಧಣಿಗಳ ಹತ್ತಿರ.

ಕೆಲಸ ಬಿಟ್ಟು ಸಿದ್ದಾಪುರದ ಪೇಟೆಯಂಚಿನಲ್ಲಿ ಮನೆ ಮಾಡಿಕೊಂಡ ಮೇಲೆ ಕೂಗಲು ಅವರಿಗೆ ಹೆಸರುಗಳಿರಲಿಲ್ಲ. ಪೇಪರಿನ ಪದಬಂಧ ಸಿಕ್ಕಿತು.

“ಒಂದು! ಎಡದಿಂದ ಬಲಕ್ಕೆ! ನವಿಲು, ಮೂರಕ್ಷರ!”

“ಮಯೂರ,” ಎಂದು ನಾನು ಒಳಗಿನಿಂದ ಹೇಳಬೇಕು. ಕೈ ಹಿಟ್ಟಿನಲ್ಲಿರುತ್ತದೆ, ಕಾವಲಿಯ ಮೇಲೆ ರೊಟ್ಟಿ ಇರುತ್ತದೆ, ಅವರಿಗೆ ಅದೆಲ್ಲ ಬೇಕಿಲ್ಲ. ಕ್ಷಣ ತಡವಾದರೆ “ಮುಂದೆ!” ಎಂದು ಎರಡನೆಯದಕ್ಕೆ ಹೋಗುತ್ತಿದ್ದರು. ಕೊನೆಗೆ ಎಲ್ಲಾದರೂ ಚೌಕದ ಒಂದು ಮನೆ ಖಾಲಿ ಉಳಿದರೆ ಊಟದ ಹೊತ್ತಿನವರೆಗೂ ಗೊಣಗಾಟ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದುದರಿಂದ ಅವರ ಪದಬಂಧ ಕೆಟ್ಟಿತಂತೆ!

ಹೇಳಿಕೊಟ್ಟದ್ದಕ್ಕೆ ನನಗೆ ಬೇಸರವಿರಲಿಲ್ಲ. ಪಿಯುಸಿಗೇ ನನ್ನ ಕಾಲೇಜು ನಿಂತರೂ ಓದು ನಿಂತಿರಲಿಲ್ಲ. ಲೈಬ್ರರಿಯ ಹರಿದ ಕಾದಂಬರಿಯಿಂದ ಹಿಡಿದು ಬೆಲ್ಲ ಕಟ್ಟಿಕೊಟ್ಟ ಕಾಗದದವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದವಳು ನಾನು. ಮನೆ ಅವರದು, ಮಾತು ಅವರದು, ಜಗಲಿಯ ಕುರ್ಚಿಯೂ ಅವರದೇ. ಇದು ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ತಲೆಯಲ್ಲಿದ್ದ ಒಂದಿಷ್ಟು ಪದಗಳು.

ಒಂದು ದಿನ ಸಾಮಾನು ತರಲು ಪೇಟೆಗೆ ಹೋಗಿದ್ದೆ. ನನ್ನ ಗಂಡ ದಿನಾ ಚಾ ಕುಡಿಯುವ ಹೋಟೆಲಿನ ಮಲಯಾಳಿ ಯಜಮಾನ ನನ್ನನ್ನು ಕಂಡು ಗಲ್ಲಾದಿಂದಲೇ ಕೂಗಿದ.

“ಚೇಚೀ, ನಮ್ ರೈಟರ್ ಸಾರ್‌ದು ಅದು ತಲೆ ಅಲ್ಲ, ಕಂಪ್ಯೂಟರ್! ದಿನಾ ಪದಬಂಧ ಫುಲ್. ಯಾರ್ದೂ ಹೆಲ್ಪ್ ಇಲ್ಲದೆ!”

“ಯಾರ್ದೂ ಹೆಲ್ಪ್ ಇಲ್ಲ ಅಂತ ಯಾರು ಹೇಳಿದ್ದು?” ಎಂದು ಕೇಳಿದೆ.

“ಅವರೇ ಹೇಳ್ತಾರಲ್ಲ! ಇಲ್ಲಿ ತಂದು ಎಲ್ಲರಿಗೂ ತೋರಿಸ್ತಾರೆ.”

ಮನೆಗೆ ಬಂದವಳು ಚೀಲವನ್ನು ಅವರ ಕಾಲ ಬುಡದಲ್ಲೇ ಇಳಿಸಿದೆ. “ಹೋಟ್ಲಲ್ಲಿ ನನ್ನ ಹೆಸರು ಹೇಳಿದ್ರೆ ನಿಮ್ಮ ಚಾ ಕಹಿ ಆಗ್ತಿತ್ತಾ?” ಎಂದೆ. ಅವರಿಗೆ ವಿಷಯ ಅರ್ಥವಾಯಿತು, ನಾಚಿಕೆ ಮಾತ್ರ ಆಗಲಿಲ್ಲ.

“ಬರೆಯೋನು ನಾನು ತಾನೆ? ನೀನು ಒಂದೊಂದು ಪದ ಹೇಳ್ತೀಯ ಅಷ್ಟೇ. ಅಡ್ಡ ಉದ್ದ ಹೊಂದಿಸೋದು ಅಂದ್ರೆ ಹುಡುಗಾಟ ಅಂದ್ಕೊಂಡಿದೀಯಾ? ಒಂದಿನಾನಾದ್ರೂ ಪೆನ್ ಹಿಡಿದು ನೋಡಿದೀಯಾ?”

ಪೆನ್ನು ನನಗೆ ಕೊಟ್ಟವರಾರು? ಪೇಪರು ನನ್ನ ಕೈಗೆ ಬರುವುದೇ ಮರುದಿನ, ಡಬ್ಬಿಗಳ ಕೆಳಗೆ ಹಾಸಲು. ಮನೆಗಳೆಲ್ಲ ಅವರ ನೀಲಿ ಶಾಯಿಯಲ್ಲಿ ಭರ್ತಿಯಾಗಿರುತ್ತಿದ್ದವು. ಆ ದಿನದಿಂದ ಅವರು ಕೂಗಿದರೂ ನಾನು ಬಾಯಿ ಬಿಡಲಿಲ್ಲ. ಅವರು ಕೂಗುವುದನ್ನು ನಿಲ್ಲಿಸಲಿಲ್ಲ. ಕೂಗು, ಮೌನ, “ಮುಂದೆ!” ಹೀಗೆ ನಮ್ಮ ಬೆಳಗುಗಳು ನಡೆದವು. ಹೋಟೆಲಿಗೆ ಪೇಪರು ಒಯ್ಯುವುದು ತಾನಾಗಿ ನಿಂತಿತು.

ಆ ವರ್ಷ ರಾಜ್ಯೋತ್ಸವಕ್ಕೆ ಗೋಣಿಕೊಪ್ಪಲಿನಲ್ಲಿ ಪದಬಂಧ ಸ್ಪರ್ಧೆ ಇಟ್ಟರು. ಹೋಟೆಲಿನ ಗೆಳೆಯರು ಕೇಳದೆಯೇ ಇವರ ಹೆಸರು ಕೊಟ್ಟುಬಿಟ್ಟಿದ್ದರು. ಸ್ಪರ್ಧೆಯ ಹಿಂದಿನ ಸಂಜೆ ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ನೀನೂ ಬಾ. ನನ್ನ ಹಿಂದಿನ ಸಾಲಲ್ಲಿ ಕೂತ್ಕೊ. ನಾನು ಮೆಲ್ಲಗೆ ಓದ್ತೀನಿ.”

“ಬರ್ತೀನಿ. ಆದ್ರೆ ಹಿಂದೆ ಕೂರಕ್ಕಲ್ಲ. ನನ್ನ ಹೆಸರೂ ಬರೆಸ್ತೀನಿ.”

ಅವರ ಮುಖ ಬಿಳುಚಿಕೊಂಡದ್ದನ್ನು ನೋಡಿ ಆ ರಾತ್ರಿ ನನಗೆ ಸೊಗಸಾಗಿ ನಿದ್ದೆ ಬಂತು. ಇನ್ನೇನು, ಊರೆದುರಿಗೇ ಯಾರು ಯಾರೆಂದು ಗೊತ್ತಾಗುತ್ತದೆ ಎಂದುಕೊಂಡೆ.

ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಒಂದು ಶಾಲೆಯ ಕೋಣೆಯಲ್ಲಿ ಸ್ಪರ್ಧೆ. ಡೆಸ್ಕಿನ ಮೇಲೆ ಹಾಳೆ ಇಟ್ಟರು. ನಾನು ಪೆನ್ನು ತೆರೆದು ಹಾಳೆ ನೋಡಿದೆ.

ಏನೂ ಬರಲಿಲ್ಲ.

ಕಪ್ಪು ಮನೆ, ಬಿಳಿ ಮನೆ, ಮೂಲೆಯಲ್ಲಿ ಸಣ್ಣ ಸಣ್ಣ ಅಂಕಿ. ಸುಳಿವು ಒಂದು ಕಡೆ, ಅದರ ಮನೆ ಇನ್ನೊಂದು ಕಡೆ. ಸುಳಿವು ಓದಿ ಮನೆ ಹುಡುಕುವಷ್ಟರಲ್ಲಿ ಓದಿದ್ದು ಮರೆತುಹೋಗುತ್ತಿತ್ತು. ಅಡ್ಡ ಬರೆದ ಪದ ಉದ್ದದ ಪದಕ್ಕೆ ತಾಗುವುದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕಣ್ಣಿಗೆ ಅಭ್ಯಾಸವಿರಲಿಲ್ಲ. ಕೋಣೆ ಗಪ್‌ಚಿಪ್. ಕೈಗೆ ಹಿಟ್ಟಿಲ್ಲ, ಕಿವಿಗೆ ಕೂಗಿಲ್ಲ. ಇಷ್ಟು ವರ್ಷ ನಾನು ಪದಬಂಧ ಬಿಡಿಸಿದ್ದು ಹಾಜರಿಗೆ ಓಗೊಡುವವರ ಹಾಗೆ. ಯಾರಾದರೂ ಕೂಗಿದರೆ ಮಾತ್ರ ನನ್ನ ಬಾಯಿಗೆ ಉತ್ತರ ಬರುತ್ತಿತ್ತು. ಅದು ನನಗೆ ಆ ಡೆಸ್ಕಿನಲ್ಲಿ ಬೆವರುತ್ತಾ ಕೂತಾಗ ತಿಳಿಯಿತು.

ಗಂಟೆ ಹೊಡೆದಾಗ ನನ್ನ ಹಾಳೆಯಲ್ಲಿ ನಾಲ್ಕೈದು ಪದ ಇದ್ದವೇನೋ. ಗಂಡನ ಹಾಳೆ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಪದಬಂಧ ಮಾಡುವವರು ಹಿಂದೆ ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾರೆ. ನಾನು ಹೇಳಿದ್ದನ್ನು ಬರೆದೂ ಬರೆದೂ ಅವರ ಕೈಗೆ ರೂಢಿಯಾಗಿಬಿಟ್ಟಿತ್ತು. ಅವರಿಗೆ ಸಮಾಧಾನಕರ ಬಹುಮಾನ ಬಂತು, ಒಂದು ಶಾಲು, ಒಂದು ಸ್ಟೀಲ್ ಡಬ್ಬಿ. ನೋಡಲು ಬಂದಿದ್ದ ಹೋಟೆಲಿನ ಗೆಳೆಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು. ಆ ಡಬ್ಬಿಯನ್ನು ಕಿತ್ತುಕೊಂಡು ಅವರ ತಲೆಗೇ ಕುಕ್ಕಬೇಕು ಅನ್ನಿಸಿತು.

ವಾಪಸು ಬರುವಾಗ ಅವರೇ ಬಂದು ನನ್ನ ಪಕ್ಕ ಕೂತರು. “ನೋಡಿದ್ಯಲ್ಲ, ಬಿಡಿಸೋದು ಯಾರು ಅಂತ,” ಎಂದರು. ನಾನು ಕಿಟಕಿಯ ಕಡೆ ತಿರುಗಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಅವರು ಗೆದ್ದಂತೆಯೇ. ಆದರೆ ಬಿಡದೆ ಬಹುಮಾನದ ಜೊತೆ ವಾಪಸು ಕೊಟ್ಟಿದ್ದ ತಮ್ಮ ಹಾಳೆಯನ್ನು ಜೇಬಿನಿಂದ ತೆಗೆದು, ಬಸ್ಸಿನ ಸದ್ದಿಗೂ ಮೇಲೆ ದನಿಯೆತ್ತಿ, “ಇದೊಂದು ಮಾತ್ರ ಆಗ್ಲಿಲ್ಲ ನೋಡು. ಕಾಡಿನ ಬೆಂಕಿ, ನಾಲ್ಕಕ್ಷರ!” ಎಂದರು.

“ದಾವಾನಲ.” ತಡೆಯುವಷ್ಟರಲ್ಲಿ ಬಾಯಿಂದ ಬಿದ್ದೇಹೋಗಿತ್ತು.

ಅವರು ಹಾಳೆ ನೋಡಿದರು. “ಸಮುದ್ರ, ನಾಲ್ಕಕ್ಷರ, ಮೊದಲು ‘ರ’.”

“ರತ್ನಾಕರ.”

“ಮಿಂಚು, ನಾಲ್ಕಕ್ಷರ.”

“ಸೌದಾಮಿನಿ.”

ಪಾಲಿಬೆಟ್ಟ ಬರುವಷ್ಟರಲ್ಲಿ ಅವರು ಬಿಟ್ಟಿದ್ದ ಖಾಲಿ ಮನೆಗಳೆಲ್ಲ ತುಂಬಿದವು. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡುತ್ತಿದ್ದಳು. ಕೂಗಲು ಇನ್ನೇನೂ ಉಳಿಯದಾದಾಗ ಅವರು ಹಾಳೆ ಮಡಚಿ, “ಅಲ್ಲಿ ಯಾಕೆ ಬರೀಲಿಲ್ಲ ಹಾಗಾದ್ರೆ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ನನ್ನ ತಲೆಯಲ್ಲಿರುವ ಪದ ಹೊರಗೆ ಬರಲು ಈ ಮನುಷ್ಯನ ಗಂಟಲು ಬೇಕು ಎನ್ನುವುದನ್ನು ನಾನು ಹೇಗೆ ಬಾಯಿಬಿಟ್ಟು ಹೇಳಲಿ? ಶಾಲು ಅವರಿಗೆ ಸಿಕ್ಕಿದ್ದಕ್ಕಿಂತ ಅದು ನನಗೆ ದೊಡ್ಡ ಅವಮಾನ.

ಮರುದಿನ ಪೇಪರ್ ಏಜೆಂಟನ ಹತ್ತಿರ ಹೋಗಿ ನನಗೂ ಒಂದು ಹಾಕು ಎಂದೆ.

“ಬರ್ತದಲ್ಲ ಅಕ್ಕಾ ಮನೆಗೆ? ಬೇರೆ ಪೇಪರ್ ಹಾಕ್ಲಾ?”

“ಬೇಡ. ಅದೇ ಬೇಕು.”

ಅವನು ನಮ್ಮಿಬ್ಬರಲ್ಲಿ ಯಾರ ತಲೆ ಕೆಟ್ಟಿದೆ ಎಂದು ಯೋಚಿಸಿರಬೇಕು. ಅಂದಿನಿಂದ ಒಲೆ ಹೊತ್ತಿಸುವ ಮೊದಲು ಹಿತ್ತಿಲ ಮೆಟ್ಟಿಲಲ್ಲಿ ಕೂತು ನಾನು ಕಣ್ಣಿನಿಂದ ಓದಿ ಕೈಯಿಂದ ಬರೆಯುವುದನ್ನು ಕಲಿಯತೊಡಗಿದೆ. ಮೊದಮೊದಲು ಅರ್ಧ ಮೂಲೆಯೂ ತುಂಬುತ್ತಿರಲಿಲ್ಲ. ಬರೆದದ್ದನ್ನು ಹೊಡೆದು ಹಾಕಿ ಹೊಡೆದು ಹಾಕಿ ಹಾಳೆ ತೂತಾಗುತ್ತಿತ್ತು. ಜಗಲಿಯಿಂದ ಆ ಕೂಗು ಶುರುವಾದರೆ ಉತ್ತರ ನಾಲಗೆಯ ತುದಿಗೇ ಬಂದು ನಿಲ್ಲುತ್ತಿತ್ತು. ಅಂಥವನ್ನು ನಾನು ಹೇಳುತ್ತಲೂ ಇರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಅವರು ಕೂಗಿದ್ದರಿಂದ ಬಂದದ್ದು ನನಗೆ ಬೇಡ. ಮನೆ ಖಾಲಿಯೇ ಇರಲಿ. ಇಷ್ಟು ಹಟ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಜಗಲಿಗೆ ಎರಡೆರಡು ಪೇಪರು ಬೀಳುವುದನ್ನು ಅವರು ದಿನಾ ನೋಡುತ್ತಿದ್ದರು. ಮಳೆಗಾಲ ಕಳೆಯಿತು. ಈಚೆಗೆ ಒಂದು ಬೆಳಿಗ್ಗೆ ಅವರು ಕೂಗಲು ಶುರುಮಾಡುವ ಮೊದಲೇ ನನ್ನ ಹಾಳೆಯ ಕೊನೆಯ ಮನೆ ತುಂಬಿತು. ಪೂರ್ತಿ. ಅಡ್ಡ, ಉದ್ದ, ಒಂದೂ ಬಿಡದೆ. ಯಾರಿಗೂ ತೋರಿಸಬೇಕು ಅನ್ನಿಸಲಿಲ್ಲ. ಒಲೆ ಹೊತ್ತಿಸಿದೆ.

ಸ್ವಲ್ಪ ಹೊತ್ತಿಗೆ ಅವರು ಪೇಪರು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು. ಕೂಗಲಿಲ್ಲ. ದನಿ ತಗ್ಗಿಸಿ, “ಏಳನೇದು ಮೇಲಿನಿಂದ ಕೆಳಕ್ಕೆ, ನಿಂಗೆ ಬಂತಾ?” ಎಂದು ಕೇಳಿದರು.

“ಬಂತು.”

ಪೆನ್ನು ಸರಿಮಾಡಿಕೊಂಡು ಕಾದರು. ನಾನು ರೊಟ್ಟಿ ಮಗುಚಿದೆ.

“ಏನದು ಹೇಳೇ.”

“ನಾಳೆ ಪೇಪರಲ್ಲಿ ಉತ್ತರ ಕೊಡ್ತಾರೆ,” ಎಂದೆ. “ನೋಡ್ಕೊಳ್ಳಿ.”